ಕೆಟ್ಟಾಗ ಮಾತನಾಡುವ ಯಂತ್ರಗಳು

ಸರ್ವರುಗಳ ಪಾಲನೆ ದುರಸ್ತಿಗಳಲ್ಲಿಯೇ ನನ್ನ ಆಯುಷ್ಯದ ಬಹುಭಾಗ ಕಳೆದುದರಿಂದಲೋ ಏನೋ, ಯಂತ್ರದ ಯೋಗ್ಯತೆಯನ್ನು ಅದರ ವೇಗದಿಂದ ನಿರ್ಣಯಿಸುವವರ ಮಾತಿನಲ್ಲಿ ನನಗೆ ಈಗ ವಿಶೇಷ ಆಸ್ಥೆಯಿಲ್ಲ. ಕೆಡದ ಯಂತ್ರವೆಂಬುದು ಲೋಕದಲ್ಲಿಲ್ಲ. ಕೆಟ್ಟುದನ್ನು ಅದು ತಾನೇ ಅರಿಯಬಲ್ಲುದೇ, ಅರಿತುದನ್ನು ನಮಗೆ ತಿಳಿಯಹೇಳಬಲ್ಲುದೇ, ರಾತ್ರಿಪಾಳಿಯ ಎಳೆಯ ತಂತ್ರಜ್ಞನು ಬೆದರದೆ ಅದನ್ನು ಬಿಚ್ಚಿ ಜೋಡಿಸಬಹುದೇ ಎಂಬಿವೇ ನಾನು ವಿಚಾರಿಸುವ ಸಂಗತಿಗಳು.

ಇವುಗಳಲ್ಲಿ ಮೊದಲನೆಯದಕ್ಕೆ ನಿದರ್ಶನ, ತನ್ನ ದೋಷವನ್ನು ತಾನೇ ತಿದ್ದಿಕೊಳ್ಳುವ ಇಸಿಸಿ ಮೆಮೊರಿ. ಬೆಲ್ ಪ್ರಯೋಗಾಲಯದಲ್ಲಿದ್ದ ರಿಚರ್ಡ್ ಹ್ಯಾಮಿಂಗ್, ವಾರದ ಕೊನೆಗೆ ತಾನು ಹಚ್ಚಿಹೋದ ಲೆಕ್ಕವನ್ನು ರಿಲೇ ಗಣಕವು ದೋಷ ಕಂಡೊಡನೆ ಕೈಬಿಟ್ಟು ಮುಂದಿನದಕ್ಕೆ ತೊಡಗುತ್ತಿದ್ದುದರಿಂದ ಬೇಸತ್ತು, ದೋಷವುಂಟೆಂದು ಬಲ್ಲ ಯಂತ್ರವು ಅದರ ತಾಣವನ್ನೂ ಏಕೆ ಅರಿಯಬಾರದೆಂದು ಚಿಂತಿಸಿ, 1950ರಲ್ಲಿ ಪ್ರಕಟಿಸಿದ ಸಂಕೇತಕ್ರಮವೇ ಅದರ ಮೂಲ. 64 ಬಿಟ್‌ಗಳ ದತ್ತಾಂಶಕ್ಕೆ 8 ಕಾವಲು ಬಿಟ್‌ಗಳನ್ನು ಸೇರಿಸಿದರೆ, ಒಂದು ತಪ್ಪಿದಾಗ ತಿದ್ದುವುದೂ ಎರಡು ತಪ್ಪಿದಾಗ ಪತ್ತೆಹಚ್ಚುವುದೂ ಸಾಧ್ಯ. ವಿಶ್ವಕಿರಣಗಳ ದೆಸೆಯಿಂದಲೂ ಬಿಟ್ ಮಗುಚಬಹುದು, ಚಿಪ್ಪಿನ ಮುಪ್ಪಿನಿಂದಲೂ ಮಗುಚಬಹುದು. ಮೊದಲನೆಯದು ಬಂದು ಹೋಗುವಂಥದು, ಎರಡನೆಯದು ಒಂದೇ ತಾಣದಲ್ಲಿ ಮರಳಿ ಮರಳಿ ಕಾಣಿಸುವಂಥದು. ಈ ಭೇದ ತಿಳಿಯಬೇಕಾದರೆ ಯಂತ್ರವು ದೋಷಗಳನ್ನು ಬರೆದಿಡುವ ಲಾಗ್ ಓದಬೇಕು.

ಓದುವವರಿಲ್ಲದಿದ್ದರೆ ತಿದ್ದುವ ಸದ್ಗುಣವೇ ಅಪಾಯಕ್ಕೆ ದಾರಿ. ನಾನು ದುರಸ್ತಿಗೆಂದು ಹೋದ ಕಚೇರಿಯೊಂದರಲ್ಲಿ, ಒಂದೇ ಸ್ಲಾಟಿನ ಹೆಸರಿನಲ್ಲಿ ತಿದ್ದಿದ ದೋಷಗಳ ಸಾಲು ವಾರಗಟ್ಟಲೆ ಬೆಳೆದಿತ್ತು. ಎಚ್ಚರಿಕೆಯ ಈಮೇಲುಗಳನ್ನು, ಕಿರಿಕಿರಿಯೆಂದು, ಯಾರೋ ನಿಲ್ಲಿಸಿಬಿಟ್ಟಿದ್ದರು. ಜ್ವರವೆಂದರೂ ಯಾರೂ ಕಿವಿಗೊಡದ ಮನೆಯಲ್ಲಿ ದುಡಿಯುವ ಹೆಂಗಸಿನಂತೆ ಆ ಸರ್ವರು ದುಡಿಯುತ್ತಲೇ ಇದ್ದು, ಸಂಬಳದ ಲೆಕ್ಕದ ನಡುವೆ, ತಿದ್ದಲಾಗದ ದೋಷ ಬಂದೊಡನೆ ನಿಂತಿತು. ಮುಚ್ಚಳ ತೆಗೆದರೆ ಅದರ ಒಳಮೈಯಲ್ಲಿ ಅಂಟಿಸಿದ ನಕಾಶೆ. ನಕಾಶೆಯಲ್ಲಿ ಎ3 ಎಂಬ ಗುರುತು, ಮದರ್‌ಬೋರ್ಡಿನ ಮೇಲೆ ಅದೇ ಗುರುತು, ಲಾಗಿನಲ್ಲಿಯೂ ಅದೇ. ಎರಡು ಬದಿಯ ಕೊಂಡಿಗಳನ್ನೊತ್ತಿ ಮೆಮೊರಿಯನ್ನು ಬದಲಿಸಲು ಹಿಡಿದುದು ಕೆಲವೇ ನಿಮಿಷ. ಆ ನಕಾಶೆಯನ್ನು ಅಲ್ಲಿ ಅಂಟಿಸಬೇಕೆಂದು ಯೋಚಿಸಿದ ಅಜ್ಞಾತ ಎಂಜಿನಿಯರನ ಬಗ್ಗೆ ನನಗೆ ಪ್ರೊಸೆಸರ್ ರಚಿಸಿದವರ ಬಗ್ಗೆ ಇರುವುದಕ್ಕಿಂತ ಹೆಚ್ಚಿನ ಗೌರವ.

ಜೋಡಿ ಪವರ್ ಸಪ್ಲೈಗಳ ವಿಷಯವೂ ಹೀಗೆಯೇ. ಒಂದು ಕೈಕೊಟ್ಟರೆ ಇನ್ನೊಂದು ಹೊರೆ ಹೊರುವುದೆಂದು ಹಣ ತೆತ್ತು ಕೊಂಡು, ಎರಡರ ಕೇಬಲನ್ನೂ ಒಂದೇ ಯುಪಿಎಸ್‌ಗೆ ಸಿಕ್ಕಿಸಿ ನಿಶ್ಚಿಂತರಾದವರನ್ನು ಬೇಕಾದಷ್ಟು ಕಂಡಿದ್ದೇನೆ. ಟ್ಯಾಂಡಮ್ ಸಂಸ್ಥೆಯ ಜಿಮ್ ಗ್ರೇ, ತಮ್ಮ ದೋಷಸಹಿಷ್ಣು ಗಣಕಗಳು ಕೂಡ ಏಕೆ ನಿಲ್ಲುತ್ತವೆಂದು ಪರಿಶೀಲಿಸಿ 1985ರಲ್ಲಿ ಬರೆದ ವರದಿಯಲ್ಲಿ, ಹಾರ್ಡ್‌ವೇರಿನ ಪಾಲು ಐದರಲ್ಲೊಂದಕ್ಕೂ ಕಡಿಮೆಯಾಗಿದ್ದು, ನಿರ್ವಹಣೆಯ ಪಾಲೇ ಎಲ್ಲಕ್ಕಿಂತ ಅಧಿಕವಾಗಿತ್ತು. ಇದನ್ನು ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ.

ಆದಕಾರಣ, ನಿರ್ವಹಿಸುವವನ ಕೈ ತಪ್ಪದಂತೆ ಕಾಯುವ, ಸರ್ವರಿನ ಮೈಮೇಲಿನ ಅಗ್ಗದ ಒಂದು ನೀಲಿ ದೀಪವನ್ನು ನಾನು ದೊಡ್ಡ ಸೌಲಭ್ಯವೆಂದೇ ಎಣಿಸುತ್ತೇನೆ. ಕುಳಿತಲ್ಲಿಂದಲೇ ಆಜ್ಞೆಯಿತ್ತು ಬೆಳಗಿಸಿದರೆ, ಬಿಸಿಗಾಳಿ ಮುಖಕ್ಕೆ ಬಡಿಯುವ ರ‍್ಯಾಕುಗಳ ಹಿಂಬದಿಯಲ್ಲಿ, ಒಂದೇ ಬಗೆಯ ಹತ್ತಾರು ಸರ್ವರುಗಳ ನಡುವೆ ನಮಗೆ ಬೇಕಾದುದು ಯಾವುದೆಂದು ಅದು ತೋರಿಸುತ್ತದೆ. ಒಂದೇ ಡಿಸ್ಕಿನ ನಷ್ಟವನ್ನು ತಾಳಬಲ್ಲ ರೇಡ್ 5 ಕ್ರಮದಲ್ಲಿ ಸತ್ತ ಡಿಸ್ಕಿನ ಬದಲು ನೆರೆಯ ಜೀವಂತ ಡಿಸ್ಕನ್ನು ಎಳೆದವರ ಪಾಡನ್ನು ಬಲ್ಲವರಿಗೆ ಇದರ ಬೆಲೆ ತಿಳಿದೀತು.

ಈಚೆಗೆ ಹೊಸ ಸರ್ವರು ಬಂದಾಗ, ಒಪ್ಪಿಗೆಯ ಪತ್ರಕ್ಕೆ ರುಜು ಹಾಕುವ ಮುನ್ನ ಓಡುತ್ತಿರುವ ಯಂತ್ರದ ಒಂದು ಪವರ್ ಕೇಬಲನ್ನು ಕಿತ್ತು, ಎಚ್ಚರಿಕೆಯು ಯಾರ ಫೋನಿಗೆ ಎಷ್ಟು ಹೊತ್ತಿನಲ್ಲಿ ಮುಟ್ಟುವುದೆಂದು ನೋಡುತ್ತೇನೆ. ಮಾರಲು ಬಂದವರಿಗೆ ಇದು ಅಷ್ಟಾಗಿ ರುಚಿಸುವುದಿಲ್ಲ.