ತೋಟ ಮಾರುವ ಮುಂಚೆ

ಚನ್ನರಾಯಪಟ್ಟಣದ ತೆಂಗಿನ ತೋಟ ಮಾರಿ ಬೆಂಗಳೂರಲ್ಲಿ ಆ್ಯಪ್ ಕಂಪನಿ ಕಟ್ಟುತ್ತೀನಿ ಅಂತ ನಿಮ್ಮಪ್ಪನ ಪ್ರಾಣ ಹಿಂಡುತ್ತಿದ್ದೀಯಂತೆ. ಬೇಡ ಅನ್ನೋಕೆ ಈ ಕಾಗದ ಬರೆಯುತ್ತಿಲ್ಲ ಕಣಪ್ಪ. ಅರಕಲಗೂಡು, ಹೊಳೆನರಸೀಪುರದ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಟ್ರಂಕ್ ಕಾಲ್ ಜೋಡಿಸುತ್ತಾ ಸರ್ವೀಸು ಸವೆಸಿದವನು ನಾನು. ನೀನು ದಿನಾ ಹೆಸರು ಹೇಳುವ ಗುರುರಾಜ ದೇಶಪಾಂಡೆಯವರೂ ಆ ತಂತಿಯ ಲೋಕದಿಂದಲೇ ಎದ್ದವರು.

ಅವರ ಕ್ಯಾಸ್ಕೇಡ್ ಕಂಪನಿ 1997ರಲ್ಲಿ 370 ಕೋಟಿ ಡಾಲರಿಗೆ ಮಾರಾಟವಾಯಿತು, ಸರಿ. ಅದಕ್ಕೆ ಹಿಂದಿನದನ್ನೂ ಎಣಿಸು. ಹುಬ್ಬಳ್ಳಿಯ ಹುಡುಗ, ಮದ್ರಾಸ್ ಐಐಟಿ, ಕೆನಡಾದಲ್ಲಿ ಪಿಎಚ್‌ಡಿ, ಆಮೇಲೆ ಕೋಡೆಕ್ಸ್ ಕಂಪನಿಯಲ್ಲಿ ವರ್ಷಗಟ್ಟಲೆ ಸಂಬಳದ ಕೆಲಸ. ಮೊದಲು ಕಟ್ಟಿದ ಕೋರಲ್ ನೆಟ್‌ವರ್ಕ್ಸ್‌ನಲ್ಲಿ ಪಾಲುದಾರರ ಜೊತೆ ಹೊಂದಿಕೆಯಾಗಲಿಲ್ಲ, ಎದ್ದು ಬಂದರು. 1990ರಲ್ಲಿ ಕ್ಯಾಸ್ಕೇಡ್ ಶುರುವಾದಾಗ ಅವರಿಗೆ ನಲವತ್ತರ ಹತ್ತಿರ ವಯಸ್ಸು. ಟೆಲಿಫೋನ್ ಕಂಪನಿಗಳಿಗೆ ಎಂಥ ಸ್ವಿಚ್ಚು ಬೇಕು ಅನ್ನುವುದು ಅಷ್ಟು ಹೊತ್ತಿಗೆ ಅವರಿಗೆ ಕರಗತವಾಗಿತ್ತು. ನಿನ್ನ ಆ್ಯಪನ್ನು ಕೊಳ್ಳುವವರು ಯಾರಪ್ಪ ಅಂತ ಹಬ್ಬದ ದಿನ ಕೇಳಿದೆ. ನೀನು ಫೋನ್ ನೋಡಿಕೊಂಡೆ.

1998ರಲ್ಲಿ ಅವರು ಕಟ್ಟಿದ ಇನ್ನೊಂದು ಕಂಪನಿ ಸೈಕಮೋರ್‌ನ ಷೇರು ಮರುವರ್ಷವೇ ಆಕಾಶ ಮುಟ್ಟಿತು, ಆಮೇಲೆ ನೆಲಕ್ಕೆ ಬಿತ್ತು. ಅವರು ಅಧ್ಯಕ್ಷರಾಗಿದ್ದ ಎ123 ಬ್ಯಾಟರಿ ಕಂಪನಿ 2012ರಲ್ಲಿ ದಿವಾಳಿಯಾಯಿತು. ಗೆದ್ದವರ ಕೈಯೂ ಸುಡುತ್ತದೆ. ಅವರಲ್ಲಿ ಸುಟ್ಟುಕೊಳ್ಳಲು ಬೇರೆ ದುಡ್ಡಿತ್ತು. ನಿಮ್ಮಪ್ಪನಿಗೆ ಇರುವುದು ಆ ಮೂರು ಎಕರೆ.

ಕೆಲವು ಕಡೆ ದೇಶಪಾಂಡೆಯವರ ದುಡ್ಡು ಫಲ ಕೊಟ್ಟಿತು. 2000ದಲ್ಲಿ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ಗೆ ಆರಂಭದಲ್ಲೇ ಹಣ ಹಾಕಿದವರಲ್ಲಿ ಅವರೊಬ್ಬರು. ಇವತ್ತು ಬಿಎಸ್ಸೆನ್ನೆಲ್‌ನ 4ಜಿ ಟವರುಗಳಲ್ಲಿ ತೇಜಸ್‌ನ ಉಪಕರಣ ಇದೆ. ಟೆಲಿಫೋನ್ ಇಲಾಖೆಯ ಪಿಂಚಣಿದಾರನಾದ ನನಗೆ, ಯಾಕೋ, ಅದು ನಮ್ಮನೆ ಮಗ ಪಾಸಾದಷ್ಟು ಖುಷಿ.

ದಾನಕ್ಕೆ ಬಂದರೆ, 2002ರಲ್ಲಿ ಅಮೆರಿಕದ ಎಂಐಟಿಗೆ ಸುಮಾರು 2 ಕೋಟಿ ಡಾಲರ್ ಕೊಟ್ಟಿದ್ದನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಹೆಚ್ಚು ಹಿಡಿಸಿದ್ದು ಹುಬ್ಬಳ್ಳಿಯದು. ಅವರ ಫೌಂಡೇಶನ್ ಅಲ್ಲಿ ಬಯಲುಸೀಮೆಯ ಹೊಲಗಳಲ್ಲಿ ಕೃಷಿಹೊಂಡ ತೋಡಿಸಿತು, ಹಳ್ಳಿಯ ಹುಡುಗ ಹುಡುಗಿಯರಿಗೆ ಕೆಲಸ ಕಲಿಸಿತು. ಊರಿನ ಕಷ್ಟಕ್ಕೆ ಊರವರೇ ಮದ್ದು ಹುಡುಕಬೇಕು ಅನ್ನುವುದು ಅವರ ಪಟ್ಟು.

ನಮ್ಮಲ್ಲೇನು ಕಷ್ಟಕ್ಕೆ ಬರವೇ? ಬಿತ್ತನೆ ಆಲೂಗಡ್ಡೆ ಮಾರುವ ಕಾಲದಲ್ಲಿ ಹಾಸನದ ಎಪಿಎಂಸಿಗೆ ಹೋಗಿ ನಿಲ್ಲು. ಗಡ್ಡೆ ಒಳ್ಳೆಯದೋ ಕೊಳೆತದ್ದೋ ಅಂತ ರೈತ ಕೈಯಲ್ಲಿ ಹಿಡಿದು ಯೋಚಿಸುವುದನ್ನು ನೋಡು. ಅರಕಲಗೂಡು ಕಡೆ ಹೊಗೆಸೊಪ್ಪಿನ ಬ್ಯಾರನ್ ಮುಂದೆ ಒಂದು ರಾತ್ರಿ ಕೂತು, ಸೌದೆ ಎಷ್ಟು ಉರಿಯಿತು ಅಂತ ಲೆಕ್ಕ ಹಾಕು. ಹಾಸನದ ಮಲೆನಾಡು ಕಾಲೇಜಿನಲ್ಲಿ ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದವನು ನೀನು, ಇವಕ್ಕೆ ಮದ್ದು ಹುಡುಕಲಾರೆಯಾ?

ತೋಟದ ಪತ್ರ ನಿಮ್ಮಪ್ಪನ ಟ್ರಂಕಿನಲ್ಲೇ ಇರಲಿ. ಎರಡು ವರ್ಷ ಯಾರದಾದರೂ ಕಂಪನಿಯಲ್ಲಿ ದುಡಿ. ಆಮೇಲೆ, ಕೊಳ್ಳುವವರು ಇಂಥವರು ಅಂತ ಹತ್ತು ಜನರ ಹೆಸರು ಬರೆದುಕೊಂಡು ಮನೆಗೆ ಬಾ. ನನ್ನ ಗ್ರಾಚ್ಯುಟಿಯಲ್ಲಿ ಉಳಿದಿರುವ ದುಡ್ಡನ್ನು ಮೊದಲು ನಾನೇ ಹಾಕುತ್ತೇನೆ.