ಹೆಚ್ಚಾದ ಅಕ್ಕಿ

ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ 12ನೆಯ ಶತಮಾನದ ಶರಣ ಮಾರಯ್ಯನವರದು, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರೆಂದೂ, ಸತಿ ಲಕ್ಕಮ್ಮನವರು ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದರೆಂದೂ ಶರಣಚರಿತೆಗಳು ತಿಳಿಸುತ್ತವೆ.

ಹೆಚ್ಚು ಅಕ್ಕಿ ಬಂದರೆ ಹೆಚ್ಚು ಜಂಗಮರಿಗೆ ಉಣಬಡಿಸಬಹುದಲ್ಲವೇ ಎಂಬ ಸಂದೇಹ ಸಹಜವಾದುದು. ಆದರೆ ಲಕ್ಕಮ್ಮನವರ ದೃಷ್ಟಿಯಲ್ಲಿ ಕಾಯಕವನ್ನು ಮೀರಿ ಬಂದುದು ಆಶೆಯ ಫಲ. ಅದು ಲಿಂಗಕ್ಕೆ ಸಲ್ಲದು. ನೀಡುವುದಕ್ಕೆ ಮೊದಲು ಗಳಿಕೆಯು ಶುದ್ಧವಾಗಿರಬೇಕೆಂಬುದೇ ಇದರ ತಾತ್ಪರ್ಯ.

ಸದ್ಗೃಹಸ್ಥರು ಈ ಅಳತೆಯಿಂದ ತಮ್ಮ ದಿನಚರಿಯನ್ನು ಅಳೆದುಕೊಳ್ಳಬೇಕು. ಹೊಲದಾಳಿನ ಕೂಲಿಯನ್ನು ತಡೆಹಿಡಿದು, ತೂಕದಲ್ಲಿ ಕೊರತೆ ಮಾಡಿ, ಜಾತ್ರೆಯಲ್ಲಿ ಸಾವಿರ ಜನಕ್ಕೆ ಉಣಿಸಿದರೆ ಅದು ದಾಸೋಹವೆನಿಸದು. ಆ ಅನ್ನವು ಆ ಆಳಿನದೇ. ಸಲ್ಲತಕ್ಕುದನ್ನು ಸಕಾಲದಲ್ಲಿ ಸಲ್ಲಿಸುವುದು ನ್ಯಾಯ. ಬಳಿಕ ಉಳಿದುದನ್ನು ಹಂಚಿಕೊಳ್ಳುವುದು ಔದಾರ್ಯ. ಹಂಚುವಾಗ ‘ನಾನು ಕೊಟ್ಟೆ’ನೆಂಬ ಹಮ್ಮನ್ನು ಬಿಟ್ಟು, ಉಣ್ಣುವವನ ಮುಂದೆ ದಾಸನಾಗಿ ಬಾಗುವುದು ಪ್ರೇಮ. ದಾನಕ್ಕೂ ದಾಸೋಹಕ್ಕೂ ಇರುವ ಅಂತರವು ಇದೇ.

ಆದುದರಿಂದ ಸಂಜೆಯ ಲಿಂಗಪೂಜೆಗೆ ಮುನ್ನ, ‘ಇಂದು ಯಾರ ಬಾಕಿ ಉಳಿಯಿತು?’ ಎಂದು ತಮ್ಮನ್ನು ತಾವು ಕೇಳಿಕೊಳ್ಳುವುದು ಲೇಸು. ಉಳಿದಿದ್ದರೆ, ಅದನ್ನು ಸಲ್ಲಿಸಿಯೇ ಪೂಜೆಗೆ ಕೂಡುವುದು ಇನ್ನೂ ಲೇಸು.