ಕಡಲ ನಡುವಿನ ಕಲ್ಲುಕಂಬಗಳು

ನಮ್ಮ ಊರು ಧಾರವಾಡದ ಬಳಿಯ ಕೆಲಗೇರಿ. ಕಡಲು ಇಲ್ಲಿಂದ ಬಹು ದೂರ. ನಮ್ಮ ಪಾಲಿಗೆ ಊರ ಕೆರೆಯೇ ಕಡಲು. ಬೇಸಿಗೆಯಲ್ಲಿ ಅದರ ನೀರು ಹಿಂದೆ ಸರಿದಾಗ, ದಂಡೆಯ ಕೆಸರು ಒಣಗಿ ಬಿರಿದು, ಐದಾರು ಮೂಲೆಗಳ ಬಿಲ್ಲೆಗಳಾಗುವುದನ್ನು ನಾವು ಬಾಲ್ಯದಿಂದಲೂ ಕಂಡಿದ್ದೆವು. ಆ ಬಿರುಕುಗಳ ಅರ್ಥವನ್ನು ತಿಳಿಯಲು ನಾವು ಅರಬ್ಬೀ ಸಮುದ್ರದ ನಡುವಿನ ದ್ವೀಪವೊಂದಕ್ಕೆ ಹೋಗಬೇಕಾಯಿತು.

ಒಂಬತ್ತನೆಯ ತರಗತಿಯ ಪ್ರವಾಸಕ್ಕೆಂದು ಹೊರಟ ನಾವು ಯಲ್ಲಾಪುರವನ್ನು ದಾಟಿ, ಅರಬೈಲು ಘಟ್ಟವನ್ನಿಳಿದು, ಕರಾವಳಿಯ ದಾರಿಯಲ್ಲಿ ಉಡುಪಿಯನ್ನು ಸೇರಿದೆವು. ಮರುದಿನ ಬೆಳಿಗ್ಗೆ ಮಲ್ಪೆಯ ಬಂದರಿನಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಗಳತ್ತ ಸಾಗಿದೆವು. ಉತ್ತರ ದಕ್ಷಿಣವಾಗಿ ಹಬ್ಬಿರುವ ಈ ಸಾಲಿನಲ್ಲಿ ನಾಲ್ಕು ದ್ವೀಪಗಳು ಮುಖ್ಯವಾದುವು. ಪ್ರವಾಸಿಗರು ಹೋಗುವ ದ್ವೀಪದಲ್ಲಿ ತೆಂಗಿನ ಮರಗಳು ತುಂಬಿರುವುದರಿಂದ ಅದಕ್ಕೆ ತೆಂಗಿನ ದ್ವೀಪವೆಂದೂ ಹೆಸರು. ಸ್ಥಳೀಯರು ತೋನ್ಸೆಪಾರ್ ಎನ್ನುತ್ತಾರೆ. 1498ರಲ್ಲಿ ವಾಸ್ಕೋ ಡ ಗಾಮಾ ಇಲ್ಲಿ ಇಳಿದು ಮೇರಿ ಮಾತೆಯ ಹೆಸರನ್ನು ಇಟ್ಟನೆಂಬ ಪ್ರತೀತಿ ಇದೆ.

ದಡವನ್ನೇರಿದೊಡನೆ ನಮ್ಮ ಮಾತು ನಿಂತುಹೋಯಿತು. ಯಾರೋ ಶಿಲ್ಪಿ ಅಳೆದು ಕಡಿದು ನಿಲ್ಲಿಸಿದಂತೆ ಸಾವಿರಾರು ಕಲ್ಲುಕಂಬಗಳು ಒತ್ತಾಗಿ ನಿಂತಿದ್ದುವು. ಕೆಲವು ಮೊಣಕಾಲೆತ್ತರ, ಕೆಲವು ಸುಮಾರು 6 ಮೀಟರ್ ಎತ್ತರ. ಕಂಬಗಳ ಮುಖಗಳನ್ನು ಎಣಿಸುವಂತೆ ಗುರುಗಳು ಸೂಚಿಸಿದರು. ಒಬ್ಬನಿಗೆ ಐದು ಸಿಕ್ಕಿದುವು, ಇನ್ನೊಬ್ಬಳಿಗೆ ಏಳು; ಬಹು ಮಂದಿಗೆ ಆರು.

“ಇವನ್ನು ಯಾರು ಕಡಿದರು, ಗುರುಗಳೇ?” ಎಂದು ಕೇಳಿದೆವು.

“ನಮ್ಮ ಕೆರೆಯ ಕೆಸರನ್ನು ಯಾರು ಕಡಿಯುತ್ತಾರೆ?” ಎಂದು ಅವರು ನಕ್ಕರು. “ಕೆಸರು ನೀರನ್ನು ಕಳೆದುಕೊಂಡು ಕುಗ್ಗುತ್ತದೆ, ಬಿರಿಯುತ್ತದೆ. ಇಲ್ಲಿ ಭೂಗರ್ಭದಿಂದ ಉಕ್ಕಿದ ಲಾವಾರಸವು ಶಾಖವನ್ನು ಕಳೆದುಕೊಂಡು ಕುಗ್ಗಿತು, ಬಿರಿಯಿತು. ಮೇಲ್ಮೈಯಲ್ಲಿ ಮೂಡಿದ ಬಿರುಕುಗಳು ಆರುತ್ತಿದ್ದ ಶಿಲೆಯ ಆಳಕ್ಕೆ ಇಳಿದುದರಿಂದ ಈ ಕಂಬಗಳಾದುವು.”

ಈ ಲಾವಾ ಹರಿದು ಸುಮಾರು 8 ಕೋಟಿ 80 ಲಕ್ಷ ವರ್ಷಗಳಾಗಿವೆ. ಆಗ ಮಡಗಾಸ್ಕರ್ ನಮ್ಮ ಭೂಭಾಗಕ್ಕೆ ಅಂಟಿಕೊಂಡಿತ್ತು. ಎರಡೂ ಬೇರ್ಪಟ್ಟ ಕಾಲದಲ್ಲಿ ಭೂಮಿಯ ಬಿರುಕುಗಳಿಂದ ಉಕ್ಕಿದ ರಸವೇ ಇದು. ಈ ಕಂಬಗಳನ್ನು ಬಸಾಲ್ಟ್ ಎನ್ನುವ ರೂಢಿಯುಂಟು. ಆದರೆ ಇವು ಸಿಲಿಕಾ ಹೆಚ್ಚಾಗಿರುವ ಡೇಸೈಟ್ ಮತ್ತು ರಯೋಲೈಟ್ ವರ್ಗದ ಶಿಲೆಗಳು. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದಿನ ದಖ್ಖನ್ ಬಸಾಲ್ಟಿಗಿಂತಲೂ ಹಳೆಯವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಈ ಸ್ಥಳವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ.

ದ್ವೀಪವನ್ನು ಸುತ್ತುವುದೂ ಕಪ್ಪೆಚಿಪ್ಪುಗಳು ಹಾಸಿದ ತೀರದಲ್ಲಿ ನಡೆಯುವುದೂ ಬಹು ಸಂತೋಷದ ಕೆಲಸ. ಆದರೆ ಹಾವಸೆ ಹಿಡಿದ ಕಂಬಗಳು ಜಾರುತ್ತವೆ. ಬಂಡೆಗಳ ನಡುವೆ ಅಲೆಗಳ ಸೆಳೆತ ಬಲವಾಗಿರುತ್ತದೆ. ನಮ್ಮಲ್ಲೊಬ್ಬನು ಅಂಚಿನ ಕಂಬವನ್ನೇರಿ ಕಡಲಿಗೆ ಬೆನ್ನು ಮಾಡಿ ನಿಂತನು. ದೋಣಿಯ ಹಿರಿಯರು ಓಡಿಬಂದು ಅವನ ಕೈ ಹಿಡಿದು ಇಳಿಸಿದರು. ಮರುಕ್ಷಣವೇ ದೊಡ್ಡ ಅಲೆಯೊಂದು ಆ ಕಂಬವನ್ನು ಮುಳುಗಿಸಿ ಹಿಂದೆ ಸರಿಯಿತು. “ಕಡಲಿಗೆ ಬೆನ್ನು ತೋರಿಸಬಾರದು, ಮಗಾ” ಎಂದಷ್ಟೇ ಅವರು ನುಡಿದರು. ಮಳೆಗಾಲದಲ್ಲಿ ಇಲ್ಲಿಗೆ ದೋಣಿ ಬಿಡುವುದಿಲ್ಲವೇಕೆ ಎಂಬುದು ನಮಗೆ ಆಗ ಅರ್ಥವಾಯಿತು.

ಹೊರಡುವ ಹೊತ್ತಿಗೆ ನಾನು ನೆನಪಿಗೆಂದು ಕಲ್ಲಿನ ಚೂರೊಂದನ್ನು ಜೇಬಿಗೆ ಹಾಕಿಕೊಂಡಿದ್ದೆ. ಗುರುಗಳು ಅದನ್ನು ಕಂಡರೂ ಗದರಿಸಲಿಲ್ಲ. “ಬರುವವರೆಲ್ಲರೂ ಒಂದೊಂದು ಚೂರು ಒಯ್ದರೆ ಎಷ್ಟು ದಿನ ಉಳಿದೀತು? ಕೆರೆಯ ಕೆಸರು ಮುಂದಿನ ಬೇಸಿಗೆಗೆ ಮತ್ತೆ ಬಿರಿದೀತು. ಈ ಕಂಬ ಮುರಿದರೆ ಮತ್ತೆ ಮೂಡುವುದಿಲ್ಲ” ಎಂದರು. ನಾನು ಚೂರನ್ನು ಎತ್ತಿಕೊಂಡ ಕಡೆಯಲ್ಲೇ ಇಟ್ಟು ಬಂದೆ.

ಮರಳುವ ದಾರಿಯಲ್ಲಿ ಗುರುಗಳು ಇನ್ನೊಂದು ಸಂಗತಿಯನ್ನು ತಿಳಿಸಿದರು. ನಮ್ಮ ಧಾರವಾಡದ ಹೆಸರನ್ನು ಹೊತ್ತ ಶಿಲಾಸಮೂಹವು ಈ ದ್ವೀಪಕ್ಕಿಂತಲೂ ಎಷ್ಟೋ ಪಟ್ಟು ಹಳೆಯದು. ಆ ಸಮೂಹಕ್ಕೆ ಸೇರಿದ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ, ನೀರಿನಡಿ ಉಕ್ಕಿ ದಿಂಬುಗಳಂತೆ ಗಟ್ಟಿಯಾದ ಲಾವಾ ಇಂದಿಗೂ ಕಾಣಸಿಗುತ್ತದೆ. ಅದರ ವಯಸ್ಸು 250 ಕೋಟಿ ವರ್ಷಗಳಿಗೂ ಹೆಚ್ಚು.

ಈಗ ಬೇಸಿಗೆ ಬಂದಾಗಲೆಲ್ಲ ನಾನು ಕೆಲಗೇರಿ ಕೆರೆಯ ದಂಡೆಗೆ ಹೋಗಿ ಬಿರಿದ ಕೆಸರಿನ ಮೂಲೆಗಳನ್ನು ಎಣಿಸುತ್ತೇನೆ. ಜೇಬಿನಲ್ಲಿ ಕಲ್ಲಿಲ್ಲದಿದ್ದರೂ ದ್ವೀಪವು ಕಣ್ಣ ಮುಂದೆ ನಿಲ್ಲುತ್ತದೆ.